ಕೊಟ್ಟಿಗೆ ಸೇರಿದ ಸೈಕಲ್ಲನ್ನ ಮನೆಯಲ್ಲೇ ಸರಿಮಾಡೋದು ಹೇಗೆ?

ಕಳೆದ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಹೋಳೂರಿಗೆ ಹೋದಾಗ, ತಂಗಿ ಹೈಸ್ಕೂಲಿಗೆ ನಡ್ಕೊಂಡು ಹೋಗ್ತಿದ್ದಳು.

“ಸೈಕಲ್ ಏನಾಯ್ತೇ?” ಅಂದೆ.

“ಕೆಟ್ಟೋಗಿದೆ ಅಣ್ಣ, ಗಾಳಿ ನಿಲ್ಲಲ್ಲ.”

ಸೈಕಲ್ಲು ಹಸುವಿನ ಕೊಟ್ಟಿಗೆ ಗೋಡೆಗೆ ಒರಗಿಕೊಂಡಿತ್ತು. ನನಗೆ ಎಂಟನೇ ಕ್ಲಾಸಿನಲ್ಲಿ ಶಾಲೆಯಲ್ಲಿ ಕೊಟ್ಟಿದ್ದು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುಮಾಡಿದ ಮೇಲೆ, ಇಂಥ ಸೈಕಲ್ಲುಗಳು ಅಣ್ಣನಿಂದ ತಂಗಿಗೆ, ಅಕ್ಕನಿಂದ ತಮ್ಮನಿಗೆ ಹೋಗ್ತಾ ಇವೆ.

ಬಿಚ್ಚಿ ನೋಡಿದರೆ ಕೆಟ್ಟಿದ್ದು ವಾಲ್ ಟ್ಯೂಬ್ ಮಾತ್ರ, ಒಂದು ಟೀ ಕಾಸಿಗಿಂತ ಕಡಿಮೆ. ಆದರೆ ಮುಂದಿನ ಬ್ರೇಕ್ ರಬ್ಬರ್ ಸವೆದು ಕಬ್ಬಿಣ ಕಾಣಿಸ್ತಿತ್ತು. ಗಾಳಿ ಹೋಗೋವರೆಗೂ ಅವಳು ಅದೇ ಬ್ರೇಕ್ ನಂಬಿಕೊಂಡು ಕೆರೆಕಟ್ಟೆ ಇಳಿಜಾರಿನಲ್ಲಿ, ಟೊಮ್ಯಾಟೊ ಗಾಡಿಗಳ ಮಧ್ಯೆ ಇಳೀತಿದ್ದಳು. ನಾನು ಮೆಕ್ಯಾನಿಕಲ್ ಮೂರನೇ ವರ್ಷ. ಚೈನ್ ಡ್ರೈವ್ ಲೆಕ್ಕ ಬಿಡಿಸಿ ಮಾರ್ಕ್ಸ್ ತಗೊಂಡವನು, ಮನೆ ಸೈಕಲ್ಲಿನ ಚೈನ್ ಮುಟ್ಟಿ ನೋಡಿರಲಿಲ್ಲ. ಅವತ್ತು ಇಬ್ಬರೂ ಕೂತು ಮಾಡಿದ ಕೆಲಸ ಇಲ್ಲಿದೆ.

1. ಗಾಳಿ

ನಮ್ಮ ಸಾದಾ ಸೈಕಲ್ಲುಗಳ ವಾಲ್ ಒಳಗೆ ತೆಳುವಾದ ರಬ್ಬರ್ ಕೊಳವೆ ಇರುತ್ತೆ. ಪಂಪ್ ಹೊಡೆದಾಗ ಹಿಗ್ಗಿ ಗಾಳಿ ಒಳಗೆ ಬಿಡುತ್ತೆ, ಆಮೇಲೆ ತೂತಿಗೆ ಅಂಟಿಕೊಂಡು ಗಾಳಿ ತಡೆಯುತ್ತೆ. ಬಿಸಿಲಿಗೆ, ವಯಸ್ಸಿಗೆ ಅದು ಬಿರುಕು ಬಿಡುತ್ತೆ. ಪಂಕ್ಚರ್ ಅಂತ ತೀರ್ಮಾನಿಸೋ ಮೊದಲು ವಾಲ್ ಬಾಯಿಗೆ ಸ್ವಲ್ಪ ಎಂಜಲು ಹಚ್ಚಿ ನೋಡಿ. ಗುಳ್ಳೆ ಬಂದರೆ ವಾಲ್ ಟ್ಯೂಬ್ ಬದಲಿಸಿದರೆ ಸಾಕು.

2. ಪಂಕ್ಚರ್

ನಮ್ಮ ಕಡೆ ಕೆರೆ ಅಂಗಳದ ತುಂಬ ಜಾಲಿ ಮುಳ್ಳು. ಸೈಕಲ್ ತಲೆಕೆಳಗೆ ನಿಲ್ಲಿಸಿ, ಗಾಳಿ ಪೂರ್ತಿ ತೆಗೆದು, ಚಮಚದ ಹಿಡಿಯಿಂದ ಟೈರಿನ ಒಂದು ಅಂಚು ಎಬ್ಬಿಸಿ. ಸ್ಕ್ರೂ ಡ್ರೈವರ್ ಬೇಡ, ಟ್ಯೂಬಿಗೆ ಇನ್ನೊಂದು ತೂತು ಬೀಳುತ್ತೆ. ಟ್ಯೂಬಿಗೆ ಗಾಳಿ ತುಂಬಿ ಬಕೆಟ್ ನೀರಲ್ಲಿ ಅದ್ದಿ, ಗುಳ್ಳೆ ಬಂದ ಜಾಗ ಗುರುತು ಮಾಡಿ. ಒರೆಸಿ ಒಣಗಿಸಿ, ಉಪ್ಪು ಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ. ನಾನು ತಪ್ಪು ಮಾಡಿದ್ದು ಇಲ್ಲೇ: ಹಸಿ ಇರುವಾಗಲೇ ಪ್ಯಾಚ್ ಒತ್ತಿಬಿಟ್ಟೆ, ಕಿತ್ತು ಬಂತು. ಮೇಲ್ಮೈ ಒಣಗೋವರೆಗೆ ಐದು ನಿಮಿಷ ಕಾಯಬೇಕು. ಟ್ಯೂಬ್ ಹಾಕೋ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ. ಮುರಿದ ಮುಳ್ಳು ಅಲ್ಲೇ ಉಳಿದರೆ ನಾಳೆ ಮತ್ತೆ ಅದೇ ಕತೆ.

3. ಬ್ರೇಕ್

ಇದನ್ನ ಮುಂದೂಡಬೇಡಿ. ಬ್ರೇಕ್ ರಬ್ಬರಿನ ಗೀರು ಮಾಯವಾಗಿದ್ದರೆ ರಬ್ಬರ್ ಬದಲಿಸಿ. ರಬ್ಬರ್ ರಿಮ್ಮಿಗೆ ಮಾತ್ರ ತಾಗಬೇಕು, ಟೈರಿಗೆ ಅಲ್ಲ. ನಡುವೆ 2-3 ಮಿ.ಮೀ. ಜಾಗ ಇರಲಿ. ಲಿವರ್ ಹ್ಯಾಂಡಲ್‌ವರೆಗೂ ಬಂದುಬಿಟ್ಟರೆ ಕೇಬಲ್ ಬಿಗಿಮಾಡಿ. ಕಡ್ಡಿ ಬ್ರೇಕ್ ಆದರೆ ಕಡ್ಡಿ ಸೇರುವ ಕಡೆಯ ನಟ್ ಸಡಿಲಿಸಿ ಸರಿಮಾಡಬೇಕು. ರಿಮ್ಮಿಗೆ ಎಣ್ಣೆ ತಾಗಲೇಬಾರದು. ಮಳೆಯಲ್ಲಿ ಉಕ್ಕಿನ ರಿಮ್ ಮೇಲೆ ಬ್ರೇಕ್ ಸರಿಯಾಗಿ ಹಿಡಿಯೋಲ್ಲ, ಹಾಗಾಗಿ ಇಳಿಜಾರಿಗೆ ಮೊದಲೇ ನಿಧಾನ ಮಾಡಿ.

4. ಚೈನ್

ನಮ್ಮ ಕೆಂಪು ಧೂಳು ಎಣ್ಣೆ ಜೊತೆ ಸೇರಿದರೆ ಉಪ್ಪು ಕಾಗದದ ಕೆಲಸ ಮಾಡುತ್ತೆ. ಮೊದಲು ಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು, ಪೆಡಲ್ ತಿರುಗಿಸಿ, ಹೊರಗೆ ಉಳಿದಿದ್ದನ್ನ ಒರೆಸಿಬಿಡಿ. ಚೈನಿನ ನಡುವೆ ಬೆರಳಿಟ್ಟರೆ ಅರ್ಧ ಇಂಚಷ್ಟು ಆಡಬೇಕು. ಜಾಸ್ತಿ ಜೋತಿದ್ದರೆ ಹಿಂದಿನ ಚಕ್ರದ ನಟ್ ಸಡಿಲಿಸಿ, ಎರಡೂ ಕಡೆ ಸಮನಾಗಿ ಹಿಂದಕ್ಕೆ ಎಳೆದು ಬಿಗಿಮಾಡಿ. ಚಕ್ರ ಸರಿದರೆ ಹಿಂದಿನ ಬ್ರೇಕ್ ಕೂಡ ತಪ್ಪಿರುತ್ತೆ, ಮತ್ತೆ ನೋಡಿ.

ಸವೆತ ಅಳೆಯೋಕೆ ಶಾಲೆ ಸ್ಕೇಲ್ ಸಾಕು. ಒಂದು ಪಿನ್ನಿಂದ ಪಕ್ಕದ ಪಿನ್ನಿಗೆ ಅರ್ಧ ಇಂಚು, ಅಂದರೆ 24 ಕೊಂಡಿಗೆ 12 ಇಂಚು. ಅದಕ್ಕಿಂತ ಸುಮಾರು 3 ಮಿ.ಮೀ. ಜಾಸ್ತಿ ಬಂದರೆ ಚೈನ್ ಮುಗೀತು ಅಂತ ಅರ್ಥ.

5. ನಟ್ಟು, ಪೆಡಲ್

ಚಕ್ರ, ಹ್ಯಾಂಡಲ್, ಸೀಟಿನ ನಟ್ಟುಗಳನ್ನ ಒಮ್ಮೆ ಪಾನಾ ಹಾಕಿ ನೋಡಿ. ಎಡ ಪೆಡಲ್‌ಗೆ ಉಲ್ಟಾ ಥ್ರೆಡ್ ಇರುತ್ತೆ, ತುಳಿತುಳಿತಾ ತಾನೇ ಬಿಚ್ಚಿಕೊಳ್ಳಬಾರದು ಅಂತ. ಪಾನಾ ಮೇಲ್ಮುಖವಾಗಿ ಹಿಡಿದು ಮುಂದಿನ ಚಕ್ರದ ಕಡೆ ತಿರುಗಿಸಿದರೆ ಎರಡೂ ಪೆಡಲ್ ಬಿಗಿಯಾಗ್ತವೆ. ಚಕ್ರ ಓಲಾಡಿದರೆ, ಕಡ್ಡಿ ಮುರಿದಿದ್ದರೆ ಸೈಕಲ್ ಶಾಪಿಗೇ ಕೊಡಿ. ಬೆಂಡ್ ತೆಗೆಯೋದು ಕೈ ಪಳಗಿದವರ ಕೆಲಸ.

ಒಂದು ಹಳೆ ಡಬ್ಬಿಯಲ್ಲಿ ಪಾನಾ, ವಾಲ್ ಟ್ಯೂಬ್, ಪ್ಯಾಚ್, ಸಲ್ಯೂಷನ್, ಎಣ್ಣೆ, ಒಂದು ಜೊತೆ ಬ್ರೇಕ್ ರಬ್ಬರ್ ಹಾಕಿ ತಂಗಿಗೆ ಕೊಟ್ಟು ಬಂದೆ. ಭಾನುವಾರ ಹತ್ತು ನಿಮಿಷ ನೋಡ್ಕೊಳ್ಳೋದು ಅಂತ ಮಾತಾಯ್ತು. ಹೋದ ವಾರ ಫೋನ್ ಮಾಡಿ, “ಅಣ್ಣ, ಹಿಂದಿನ ಬ್ರೇಕ್ ರಬ್ಬರ್ ನಾನೇ ಹಾಕ್ದೆ” ಅಂದಳು. ನಿಮ್ಮ ಮನೆ ಮೂಲೆಯಲ್ಲೂ ಒಂದು ಸೈಕಲ್ ಇರಬಹುದು. ಈ ಸಲ ಊರಿಗೆ ಹೋದಾಗ ಮೊದಲು ಅದರ ಬ್ರೇಕ್ ಹಿಡಿದು ನೋಡಿ.