ರಾಸುಗಳಿಗೆ ಬರುವ ಗಂಜಲದ ರೋಗಗಳು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಮಳೆ ತಪ್ಪಿದ ವರ್ಷ ಕೆರೆಕುಂಟೆಗಳು ಬತ್ತಿ, ಜನರೂ ಜಾನುವಾರುಗಳೂ ಕೊಳವೆ ಬಾವಿಯನ್ನೇ ನಂಬಬೇಕಾಗುವುದು. ಕುಡಿಯುವ ನೀರು ಕಡಮೆಯಾಗಿ, ಒಣ ಹುಲ್ಲೂ ಬೂಸಾವೂ ಹೆಚ್ಚಾದಾಗ ರಾಸಿನ ಗಂಜಲವು ಮಂದವಾಗಿ, ಅದರಲ್ಲಿರುವ ಲವಣಗಳು ಹರಳುಗಟ್ಟುವುವು. ಆದರೆ ಗಂಜಲದ ತೊಂದರೆಯೆಲ್ಲವೂ ಒಂದೇ ರೋಗವಲ್ಲ. ಎತ್ತಿಗೆ ಬರುವುದು ಬೇರೆ, ಟಗರಿಗೆ ಬರುವುದು ಬೇರೆ, ಹಸು ಎಮ್ಮೆಗಳಿಗೆ ಬರುವುದು ಬೇರೆ. ಈ ಭೇದವನ್ನರಿಯದೆ ಎಲ್ಲಕ್ಕೂ ಒಂದೇ ಮದ್ದನ್ನು ಹಾಕುವುದರಿಂದ ಬದುಕಬಹುದಾದ ರಾಸುಗಳೂ ಸಾಯುವುವು.

ಎತ್ತು ಮತ್ತು ಗಂಡುಕರು.— ಇವುಗಳ ಮೂತ್ರನಾಳವು ಉದ್ದವಾಗಿಯೂ ಕಿರಿದಾಗಿಯೂ ಇದ್ದು, ನಡುವೆ ಹಾವಿನಂತೆ ಎರಡು ಬಾರಿ ಬಾಗಿರುವುದು. ಹರಳು ಬಹುಮಟ್ಟಿಗೆ ಆ ಬಾಗಿನಲ್ಲಿಯೇ ಸಿಕ್ಕಿಕೊಳ್ಳುವುದು. ಆಗ ರಾಸು ಪದೇ ಪದೇ ತಿಣುಕುವುದು, ಬಾಲವನ್ನು ಆಡಿಸುವುದು, ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುವುದು, ಮೇವು ಬಿಡುವುದು. ಇದನ್ನು ಬರಿಯ ಹೊಟ್ಟೆನೋವೆಂದು ತಿಳಿಯಕೂಡದು. ಮೂತ್ರದ್ವಾರದ ಕೂದಲನ್ನು ಮುಟ್ಟಿ ನೋಡಬೇಕು. ಅದು ಒಣಗಿದ್ದರೆ, ಅಥವಾ ಮರಳಿನಂಥ ಕಣಗಳು ಅಂಟಿದ್ದರೆ, ಕಟ್ಟಿದ ಜಾಗದ ನೆಲವೂ ಬೆಳಿಗ್ಗೆ ಒಣಗಿದ್ದರೆ, ಗಂಜಲ ಕಟ್ಟಿರಬಹುದೆಂದು ತಿಳಿದು ಆ ದಿನವೇ ವೈದ್ಯರಿಗೆ ತೋರಿಸಬೇಕು.

ಕಟ್ಟು ಬಿಡದಿದ್ದರೆ ಒಂದೆರಡು ದಿನಗಳಲ್ಲಿ ಮೂತ್ರಕೋಶವು ಒಡೆಯಬಹುದು. ಒಡೆದ ಕೂಡಲೆ ನೋವು ತಗ್ಗಿ, ರಾಸು ಶಾಂತವಾಗಿ ನಿಲ್ಲುವುದು. ಯಜಮಾನನು ಗುಣವಾಯಿತೆಂದು ಸಂತೋಷಪಡುವನು. ಆದರೆ ಗಂಜಲವು ಹೊಟ್ಟೆಯೊಳಗೆ ತುಂಬಿ, ಹೊಟ್ಟೆಯು ಎರಡು ಕಡೆಯೂ ಕೆಳಗೆ ಊದಿ, ಕೆಲವು ದಿನಗಳಲ್ಲಿ ರಾಸು ಸಾಯುವುದು. ಆದುದರಿಂದ ಗಂಜಲ ಹೊಯ್ಯದೆಯೇ ನೋವು ನಿಂತರೆ ಅದು ಗುಣದ ಲಕ್ಷಣವಲ್ಲ.

ಬಾಳೆದಿಂಡಿನ ರಸ, ಎಳನೀರು, ಹುರುಳಿಕಟ್ಟು ಮೊದಲಾದುವನ್ನು ಕುಡಿಸುವ ವಾಡಿಕೆಯುಂಟು. ದಾರಿ ಪೂರ್ಣವಾಗಿ ಮುಚ್ಚಿರುವಾಗ ಇವು ಮೂತ್ರಕೋಶವನ್ನು ಇನ್ನಷ್ಟು ಬಿಗಿಸುವುವೇ ಹೊರತು ಹರಳನ್ನು ತಳ್ಳಲಾರವು. ವೈದ್ಯರು ನೋವಿಗೂ ಸೆಳೆತಕ್ಕೂ ಮದ್ದು ಕೊಟ್ಟು, ಬೇಕಾದರೆ ಶಸ್ತ್ರಚಿಕಿತ್ಸೆಯಿಂದ ಮೂತ್ರಕೋಶಕ್ಕೆ ಕೊಳವೆಯಿಟ್ಟು ಗಂಜಲವನ್ನು ಹೊರಕ್ಕೆ ಬಿಡುವರು.

ಟಗರು ಮತ್ತು ಹೋತ.— ಇವುಗಳ ಶಿಶ್ನದ ತುದಿಯಲ್ಲಿ ಎಳೆಯಂಥ ಒಂದು ಸಣ್ಣ ನಾಳವಿರುವುದು. ಹರಳು ಅನೇಕ ವೇಳೆ ಅಲ್ಲಿಯೇ ನಿಲ್ಲುವುದು. ವೈದ್ಯರು ಆ ಎಳೆಯನ್ನು ಕತ್ತರಿಸಿದರೆ ಕೆಲವು ಸಲ ಕೂಡಲೆ ದಾರಿ ಬಿಡುವುದು. ಹಬ್ಬಕ್ಕಾಗಿ ಬೂಸಾ, ಕಾಳುಗಳನ್ನೇ ತಿನ್ನಿಸಿ ಕೊಬ್ಬಿಸುವ ಟಗರುಗಳಿಗೆ ಈ ರೋಗ ಹೆಚ್ಚು. ಬೂಸಾದಲ್ಲಿ ರಂಜಕವು ಬಹಳ, ಸುಣ್ಣದಂಶವು ಸ್ವಲ್ಪ. ತೀರ ಎಳೆಯದರಲ್ಲಿ ಬೀಜ ಒಡೆಸಿದರೆ ಮೂತ್ರನಾಳವು ಕಿರಿದಾಗಿಯೇ ಉಳಿಯುವುದು. ಆದಕಾರಣ ನಾಲ್ಕೈದು ತಿಂಗಳು ಕಳೆಯುವವರೆಗೆ ತಡೆಯುವುದು ಮೇಲು.

ಹಸು ಮತ್ತು ಎಮ್ಮೆ.— ಹೆಣ್ಣು ರಾಸಿನ ಮೂತ್ರನಾಳವು ಗಿಡ್ಡವೂ ಅಗಲವೂ ಆದುದರಿಂದ ಹರಳು ಕಟ್ಟುವುದು ಅಪರೂಪ. ಇವುಗಳಲ್ಲಿ ನೋಡಬೇಕಾದುದು ಗಂಜಲದ ಬಣ್ಣವನ್ನು. ಕೆಂಪಾದ ಗಂಜಲವನ್ನು ಗಾಜಿನ ಲೋಟದಲ್ಲಿ ಹಿಡಿದು ಕೆಲವು ಗಂಟೆ ಅಲುಗದೆ ಇಡಬೇಕು. ಕೆಂಪು ತಳಕ್ಕಿಳಿದು ಮೇಲೆ ತಿಳಿಯಾದರೆ ಅದು ರಕ್ತ. ಮೂತ್ರಕೋಶಕ್ಕೋ ಮೂತ್ರಪಿಂಡಕ್ಕೋ ರೋಗ ತಗುಲಿದೆ. ತಿಳಿಯಾಗದೆ ಕಾಫಿಯ ಬಣ್ಣದಲ್ಲಿಯೇ ನಿಂತರೆ ರಕ್ತಕಣಗಳು ದೇಹದೊಳಗೆ ಒಡೆಯುತ್ತಿವೆ. ಅದರೊಡನೆ ಜ್ವರವೂ ಮೈಮೇಲೆ ಉಣ್ಣೆಯೂ ಇದ್ದರೆ ಉಣ್ಣೆಯಿಂದ ಬರುವ ಬೆಬೀಸಿಯಾ ರೋಗವನ್ನು ಶಂಕಿಸಬೇಕು. ಮಿಶ್ರತಳಿಯ ಹಸುಗಳು ಇದಕ್ಕೆ ಬೇಗ ಸಿಕ್ಕುವುವು. ತುಂಬು ಗಬ್ಬದ ಅಥವಾ ಹೊಸದಾಗಿ ಈದ ಎಮ್ಮೆಯಲ್ಲಿ ಜ್ವರವಿಲ್ಲದೆ ಹೀಗಾದರೆ ಬಹುಶಃ ರಂಜಕದ ಕೊರತೆ. ಒಂದರ ಮದ್ದು ಮತ್ತೊಂದಕ್ಕೆ ಸಲ್ಲದು.

ತಡೆಯುವ ಕ್ರಮ.— ನೀರನ್ನು ಹೊತ್ತಿಗೊಮ್ಮೆ ತೋರಿಸದೆ ಸದಾ ಸಿಕ್ಕುವಂತೆ ಇಡಬೇಕು. ದೊಡ್ಡ ರಾಸಿಗೆ ದಿನಕ್ಕೆ 30 ಗ್ರಾಂ ಉಪ್ಪನ್ನು ಕೊಟ್ಟರೆ ಅದು ಹೆಚ್ಚು ನೀರು ಕುಡಿಯುವುದು. ಬೂಸಾವನ್ನು ಮಿತಗೊಳಿಸಿ ಹಸುರು ಮೇವನ್ನು ಸೇರಿಸಬೇಕು. ನವಸಾಗರವು ಕೆಲವು ಬಗೆಯ ಹರಳುಗಳನ್ನು ತಡೆಯುವುದಾದರೂ, ವೈದ್ಯರು ಹೇಳಿದ ಅಳತೆ ಮೀರಕೂಡದು.

ಗ್ರಾಮದ ಮುಖಂಡರು ಬೇಸಗೆಗೆ ಮೊದಲೇ ಊರ ದನದ ತೊಟ್ಟಿಗಳನ್ನು ದುರಸ್ತಿ ಮಾಡಿಸಿ, ದಿನವೂ ತುಂಬುವ ಹೊಣೆಯನ್ನು ಒಬ್ಬರಿಗೆ ವಹಿಸತಕ್ಕದ್ದು. ಸಂಚಾರಿ ಪಶುಚಿಕಿತ್ಸೆಯ 1962 ಎಂಬ ದೂರವಾಣಿ ಸಂಖ್ಯೆಯನ್ನು ತೊಟ್ಟಿಯ ಗೋಡೆಯ ಮೇಲೆಯೇ ಬರೆಸಿಟ್ಟರೆ, ಅವಸರದಲ್ಲಿ ಹುಡುಕುವ ಕಷ್ಟ ತಪ್ಪುವುದು.