ಚಂದ್ರನ ಮರೆಯಲ್ಲಿ ಮುದ್ರಿತವಾದ ಧ್ವನಿ



ವಿದುರಾಶ್ವತ್ಥದ ಹುತಾತ್ಮರ ಸ್ಮಾರಕದ ಮುಂದೆ ಒಮ್ಮೆಯಾದರೂ ತಲೆಬಾಗದ ವಿದ್ಯಾರ್ಥಿ ನಮ್ಮ ಸೀಮೆಯಲ್ಲಿ ವಿರಳ. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಸತ್ಯಾಗ್ರಹಕ್ಕೆಂದು ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಷ್ಟು ಎಲ್ಲರಿಗೂ ತಿಳಿದ ವಿಷಯ. ಆದರೆ ಅಂದು ಮಡಿದವರು ಎಷ್ಟು ಮಂದಿ ಎಂದು ಕೇಳಿದರೆ ಒಂದೇ ಉತ್ತರ ದೊರೆಯುವುದಿಲ್ಲ. ಸರ್ಕಾರದ ಲೆಕ್ಕ ಒಂದಾದರೆ ಜನರ ಲೆಕ್ಕ ಮತ್ತೊಂದು. ಆ ಘಟನೆಗೆ ಸಾಕ್ಷಿಗಳಿದ್ದರು. ಆದರೆ ಆ ಗಳಿಗೆಯನ್ನು ಇದ್ದುದು ಇದ್ದಂತೆ ಹಿಡಿದಿಡುವ ಸಾಧನ ಇರಲಿಲ್ಲ.

ಇದಾದ ಮೂವತ್ತು ವರ್ಷಗಳ ತರುವಾಯ, ಭೂಮಿಯಿಂದ ಸುಮಾರು 3.8 ಲಕ್ಷ ಕಿಲೋಮೀಟರ್ ದೂರದಲ್ಲಿ, ಮೂವರು ಮನುಷ್ಯರ ಹೊರತು ಬೇರೆ ಸಾಕ್ಷಿಯೇ ಇಲ್ಲದೆಡೆ ಒಂದು ಸಂಗತಿ ಜರುಗಿತು. ಅದನ್ನು ಇಂದು ನಾವು ಹೆಚ್ಚುಕಡಿಮೆ ಕ್ಷಣಕ್ಷಣವಾಗಿ ಬಲ್ಲೆವು. ಇದು ಹೇಗೆ ಸಾಧ್ಯವಾಯಿತು ಎಂಬುದೇ ಈ ಪಾಠದ ವಿಷಯ.

ಅಪೊಲೊ 8ರ ಯಾನ

1968ರ ಡಿಸೆಂಬರ್ 21ರಂದು ಅಮೆರಿಕದ ಫ್ರಾಂಕ್ ಬೋರ್ಮನ್, ಜೇಮ್ಸ್ ಲೊವೆಲ್ ಮತ್ತು ವಿಲಿಯಂ ಆ್ಯಂಡರ್ಸ್ ಎಂಬ ಮೂವರು ಗಗನಯಾತ್ರಿಗಳು ಅಪೊಲೊ 8 ನೌಕೆಯಲ್ಲಿ ಹೊರಟರು. ಚಂದ್ರನವರೆಗೆ ಪಯಣಿಸಿದ ಮೊದಲ ಮಾನವರು ಇವರೇ. ಇವರು ಚಂದ್ರನ ಮೇಲೆ ಇಳಿಯಲಿಲ್ಲ. ಸುಮಾರು 110 ಕಿಲೋಮೀಟರ್ ಎತ್ತರದಲ್ಲಿ ಅದನ್ನು ಹತ್ತು ಸಲ ಸುತ್ತಿ, ಡಿಸೆಂಬರ್ 27ರಂದು ಭೂಮಿಗೆ ಮರಳಿದರು. ದಾರಿಯುದ್ದಕ್ಕೂ ಆರು ಸಲ ಟೆಲಿವಿಷನ್ ಮೂಲಕ ಕಪ್ಪುಬಿಳುಪಿನ ಚಿತ್ರಗಳನ್ನು ಕಳುಹಿಸಿದರು. ಛಾಯಾಚಿತ್ರದ ಹಾಗೂ ಚಲನಚಿತ್ರದ ಫಿಲ್ಮ್ ಸುರುಳಿಗಳು ಅವರೊಂದಿಗೇ ಭೂಮಿಗೆ ಬಂದವು.

ಗೌರಿಬಿದನೂರಿನ ಸಮೀಪ 1976ರಿಂದ ಕಾರ್ಯ ನಡೆಸುತ್ತ ಬಂದಿರುವ ರೇಡಿಯೋ ವೀಕ್ಷಣಾಲಯವನ್ನು ನೋಡಿದವರಿಗೆ ಆಕಾಶದಿಂದ ಬರುವ ರೇಡಿಯೋ ಅಲೆಗಳ ವಿಚಾರ ಹೊಸದಲ್ಲ. ಅಪೊಲೊ ನೌಕೆಯ ಮಾತುಗಳೂ ಅಂತಹ ಅಲೆಗಳ ಮೂಲಕವೇ ಭೂಮಿಯನ್ನು ಮುಟ್ಟುತ್ತಿದ್ದವು. ಒಂದು ಮಾತು ತಲುಪಲು ಸುಮಾರು ಒಂದೂಕಾಲು ಸೆಕೆಂಡು ಹಿಡಿಯುತ್ತಿತ್ತು. ಆದರೆ ಈ ಅಲೆಗಳು ಚಂದ್ರನನ್ನು ಭೇದಿಸಿ ಬರಲಾರವು. ಆದ್ದರಿಂದ ಪ್ರತಿಯೊಂದು ಸುತ್ತಿನಲ್ಲಿಯೂ ನೌಕೆಯು ಚಂದ್ರನ ಹಿಂಬದಿಗೆ ಸರಿದಾಗ ಸುಮಾರು ಮುಕ್ಕಾಲು ಗಂಟೆಯ ಕಾಲ ಭೂಮಿಯೊಡನೆ ಅದರ ಸಂಪರ್ಕ ಕಡಿದುಹೋಗುತ್ತಿತ್ತು.

ಈ ಮೌನದ ಅವಧಿಯನ್ನು ತುಂಬಲು ನೌಕೆಯಲ್ಲಿ ಒಂದು ಟೇಪ್ ಮುದ್ರಣ ಯಂತ್ರವಿತ್ತು. ಯಂತ್ರಭಾಗಗಳ ಸ್ಥಿತಿಗತಿಯ ಅಳತೆಗಳೊಡನೆ ಯಾತ್ರಿಗಳು ತಮ್ಮತಮ್ಮಲ್ಲಿ ಆಡಿಕೊಂಡ ಮಾತುಗಳೂ ಅದರಲ್ಲಿ ಮುದ್ರಿತವಾಗುತ್ತಿದ್ದವು. ನೌಕೆಯು ಮರೆಯಿಂದ ಹೊರಬಂದ ಮೇಲೆ ಆ ಟೇಪನ್ನು ಭೂಮಿಗೆ ಕೇಳಿಸಲಾಗುತ್ತಿತ್ತು.

ಚಿತ್ರ ತೆಗೆದವರು ಯಾರು?

ಡಿಸೆಂಬರ್ 24ರಂದು, ನಮ್ಮ ಗಡಿಯಾರದಂತೆ ರಾತ್ರಿ ಹತ್ತು ಗಂಟೆ ಕಳೆದ ಸುಮಾರಿಗೆ, ನೌಕೆಯು ನಾಲ್ಕನೆಯ ಸುತ್ತಿನಲ್ಲಿ ಚಂದ್ರನ ಹಿಂಬದಿಯಿಂದ ಈಚೆಗೆ ಬರುತ್ತಿತ್ತು. ಆಗ ಚಂದ್ರನ ಅಂಚಿನ ಮೇಲೆ ನೀಲವರ್ಣದ ಭೂಮಿಯು ಮೂಡಿ ಬಂದಿತು. ಚಂದ್ರನ ನೆಲದ ಮೇಲೆ ನಿಂತವನಿಗೆ ಭೂಮಿಯು ಹೀಗೆ ಉದಯಿಸುವುದು ಕಾಣದು. ಅಲ್ಲಿನ ಆಕಾಶದಲ್ಲಿ ಅದು ಹೆಚ್ಚುಕಡಿಮೆ ಒಂದೇ ಎಡೆಯಲ್ಲಿ ನಿಂತಿರುತ್ತದೆ. ನೌಕೆಯು ಚಲಿಸುತ್ತಿದ್ದುದರಿಂದಲೇ ಈ ಉದಯ ಕಂಡಿತು. ‘ಭೂಮ್ಯುದಯ’ದ ಆ ವರ್ಣಚಿತ್ರವು ಲೋಕಪ್ರಸಿದ್ಧವಾಯಿತು.

ಆದರೆ ಅದನ್ನು ತೆಗೆದವರು ಯಾರು ಎಂಬ ವಿಷಯದಲ್ಲಿ ಬಹುಕಾಲ ಗೊಂದಲವಿತ್ತು. ದಳಪತಿ ಬೋರ್ಮನ್ ತಾವೇ ತೆಗೆದುದಾಗಿ ನೆನಪಿಸಿಕೊಂಡಿದ್ದರು. ಅವರು ಸುಳ್ಳು ಹೇಳಿದರೆಂದು ಭಾವಿಸಬೇಕಾಗಿಲ್ಲ. ಪ್ರಾಮಾಣಿಕನ ನೆನಪೂ ಕಾಲಕ್ರಮದಲ್ಲಿ ಜಾರುವುದುಂಟು. ಇದನ್ನು ಬಗೆಹರಿಸಿದ್ದು ಆ ಟೇಪು. ಭೂಮಿಯನ್ನು ಕಂಡು ಬೆರಗಿನಿಂದ ಕೂಗಿದವರು ಆ್ಯಂಡರ್ಸ್. ಅದು ಕಾರ್ಯಸೂಚಿಯಲ್ಲಿಲ್ಲವೆಂದು ಪರಿಹಾಸ್ಯ ಮಾಡಿದವರು ಬೋರ್ಮನ್. ಬಣ್ಣದ ಫಿಲ್ಮ್ ಬೇಗ ಕೊಡೆಂದು ಆ್ಯಂಡರ್ಸ್ ಕೇಳಿದಾಗ ಹುಡುಕಿಕೊಟ್ಟವರು ಲೊವೆಲ್. ಇವೆಲ್ಲವೂ ಅದರಲ್ಲಿ ಮುದ್ರಿತವಾಗಿದ್ದವು.

2013ರಲ್ಲಿ ಇದಕ್ಕೆ ಮತ್ತಷ್ಟು ಪುಷ್ಟಿ ದೊರೆಯಿತು. 2009ರಲ್ಲಿ ಹಾರಿಸಲಾದ ಅಮೆರಿಕದ ಚಂದ್ರಪರಿಭ್ರಮಣ ನೌಕೆಯು ಅಳೆದ ಚಂದ್ರನ ನೆಲದ ಏರುತಗ್ಗುಗಳನ್ನೂ, ಅಪೊಲೊ ನೌಕೆಯ ಕಿಟಕಿಯಲ್ಲಿ 20 ಸೆಕೆಂಡಿಗೊಮ್ಮೆ ತಾನಾಗಿ ಚಿತ್ರ ತೆಗೆಯುತ್ತಿದ್ದ ಮತ್ತೊಂದು ಕ್ಯಾಮೆರಾದ ಚಿತ್ರಗಳನ್ನೂ, ಆ ಧ್ವನಿಯನ್ನೂ ಕಾಲಕ್ಕೆ ಸರಿಹೊಂದಿಸಿ, ಆ ಗಳಿಗೆಯನ್ನು ಪುನಃ ರಚಿಸಲಾಯಿತು. ಯಾವ ಕ್ಷಣದಲ್ಲಿ ನೌಕೆ ಹೇಗೆ ತಿರುಗುತ್ತಿತ್ತು, ಯಾವ ಕಿಟಕಿಯಲ್ಲಿ ಭೂಮಿ ಕಂಡಿತು ಎಂಬುದು ಮಾತುಗಳೊಡನೆ ತಾಳೆಯಾಯಿತು. ಹೀಗೆ ಬೇರೆಬೇರೆ ದಾಖಲೆಗಳು ಒಂದನ್ನೊಂದು ಸಮರ್ಥಿಸಿದಾಗ ಸತ್ಯದ ನಿರ್ಣಯವಾಗುತ್ತದೆ.

ಉಳಿದುದು, ಅಳಿದುದು

ದಾಖಲೆ ಮಾಡಿದ ಮಾತ್ರಕ್ಕೆ ಅದು ಉಳಿಯುವುದೆಂದು ತಿಳಿಯಬಾರದು. 1969ರ ಜುಲೈನಲ್ಲಿ ಅಪೊಲೊ 11ರ ಯಾತ್ರಿಗಳು ಚಂದ್ರನ ಮೇಲೆ ನಡೆದ ದೃಶ್ಯಗಳ ಮೂಲ ಸಂಕೇತಗಳು ಭೂಮಿಯಲ್ಲಿ ಟೇಪುಗಳ ಮೇಲೆ ಮುದ್ರಿತವಾಗಿದ್ದವು. ಮುಂದೆ ಟೇಪುಗಳ ಕೊರತೆಯುಂಟಾದಾಗ ಅವುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡಿರಬೇಕೆಂದು, ದೀರ್ಘ ಶೋಧದ ನಂತರ 2009ರಲ್ಲಿ ಅವರ ಬಾಹ್ಯಾಕಾಶ ಸಂಸ್ಥೆಯೇ ತಿಳಿಸಿತು. ಟೆಲಿವಿಷನ್ ಪ್ರಸಾರಕ್ಕೆಂದು ಮಾಡಿದ್ದ, ಅಷ್ಟು ಸ್ಪಷ್ಟವಲ್ಲದ ಪ್ರತಿಗಳನ್ನೇ ಶುದ್ಧಿಗೊಳಿಸಿಕೊಳ್ಳಬೇಕಾಯಿತು. ಅಷ್ಟು ಸಿರಿವಂತ ದೇಶದಲ್ಲಿಯೂ, ಅಷ್ಟು ಮಹತ್ತ್ವದ ವಿಷಯದಲ್ಲಿಯೂ ಇಂತಹ ನಷ್ಟವಾಯಿತು.

ಉಳಿದವುಗಳನ್ನು ಓದುವುದೂ ಸುಲಭವಾಗಿರಲಿಲ್ಲ. ಭೂಮಿಯ ನಿಯಂತ್ರಣ ಕೇಂದ್ರದ ಸಿಬ್ಬಂದಿಯ ಮಾತುಗಳು ಮೂವತ್ತು ಸಾಲುಗಳುಳ್ಳ ಟೇಪುಗಳಲ್ಲಿದ್ದವು. ಅವುಗಳನ್ನು ನುಡಿಸಬಲ್ಲ ಹಳೆಯ ಯಂತ್ರವು ಒಂದು ಸಲಕ್ಕೆ ಒಂದೇ ಸಾಲನ್ನು ಓದುತ್ತಿತ್ತು. ಡಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು ಮೂವತ್ತು ಸಾಲುಗಳನ್ನೂ ಒಮ್ಮೆಲೇ ಓದುವಂತೆ ಅದನ್ನು ಮಾರ್ಪಡಿಸಿ, ಸುಮಾರು 19,000 ಗಂಟೆಗಳ ಧ್ವನಿಯನ್ನು ಕಂಪ್ಯೂಟರಿಗೆ ಅಳವಡಿಸಿದರು.

ನಮ್ಮ ನಾಡಿನಲ್ಲಿಯೂ ಇಂತಹ ಭಂಡಾರವೊಂದಿದೆ. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ 32 ಮೀಟರ್ ವ್ಯಾಸದ ಆಂಟೆನಾವು 2008ರಲ್ಲಿ ಹಾರಿದ ಚಂದ್ರಯಾನ-1ರ ಸಂಕೇತಗಳನ್ನು ಸ್ವೀಕರಿಸಿತು. ಅಂತಹ ಯಾನಗಳ ಮಾಹಿತಿಯನ್ನು ಕಾಪಿಡುವ ಕೇಂದ್ರವೂ ಅಲ್ಲಿಯೇ ಇದೆ. ಹಾರಿಸುವುದು ಹೇಗೆ ವಿಜ್ಞಾನವೋ, ಕಾಪಿಡುವುದೂ ಹಾಗೆಯೇ ವಿಜ್ಞಾನ.

ನಮ್ಮ ಪಾಲಿನ ಕೆಲಸ

ಬೋರ್ಮನ್ 2023ರಲ್ಲಿ, ಆ್ಯಂಡರ್ಸ್ 2024ರಲ್ಲಿ, ಲೊವೆಲ್ 2025ರಲ್ಲಿ ತೀರಿಕೊಂಡರು. ಚಂದ್ರನ ಮರೆಯ ಆ ಮೂವರು ಸಾಕ್ಷಿಗಳಲ್ಲಿ ಇಂದು ಒಬ್ಬರೂ ಇಲ್ಲ. ಆದರೆ ಅವರ ಸಾಕ್ಷ್ಯ ಇದೆ. ವಿದುರಾಶ್ವತ್ಥದ ಹೆಸರಿಗೆ ಕಾರಣವಾದ ಮಹಾವೃಕ್ಷವೂ 2001ರಲ್ಲಿ ಉರುಳಿತು. 1938ರ ಆ ದಿನವನ್ನು ಕಂಡವರ ಬಾಯಿಂದ ಕೇಳಿದ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರೂ ಮೌನವಾದ ಮೇಲೆ ನಾವು ಯಾರನ್ನು ಕೇಳೋಣ?

ಆದ್ದರಿಂದ ಈ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಕೇರಿಯ ಒಬ್ಬ ಹಿರಿಯರ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಲಿ. ಮೊದಲು ಅವರ ಒಪ್ಪಿಗೆ ಪಡೆಯಿರಿ. ಆರಂಭದಲ್ಲಿಯೇ ದಿನಾಂಕ, ಸ್ಥಳ, ಮಾತನಾಡುವವರ ಹಾಗೂ ಕೇಳುವವರ ಹೆಸರುಗಳನ್ನು ಹೇಳಿರಿ. ಇವಿಲ್ಲದ ಧ್ವನಿ ಹೆಸರಿಲ್ಲದ ಕಾಗದದಂತೆ. ಅವರು ಕಣ್ಣಾರೆ ಕಂಡುದು ಯಾವುದು, ಇತರರಿಂದ ಕೇಳಿದುದು ಯಾವುದು ಎಂದು ವಿಚಾರಿಸಿರಿ. ಮಾತನ್ನು ತಿದ್ದಬೇಡಿರಿ. ಎರಡು ಪ್ರತಿ ಮಾಡಿ ಒಂದನ್ನು ಶಾಲೆಗೆ ತಂದುಕೊಡಿರಿ. ಬಳಿಕ ಒಬ್ಬರ ಮಾತನ್ನು ಮತ್ತೊಬ್ಬರ ಮಾತಿನೊಡನೆ ತಾಳೆ ನೋಡೋಣ.

ಚಂದ್ರಲೋಕಕ್ಕೆ ಹೋಗುವ ಯೋಗ ನಿಮ್ಮಲ್ಲಿ ಎಷ್ಟು ಮಂದಿಗಿದೆಯೋ ಹೇಳಲಾಗದು. ಆದರೆ ಚಂದ್ರನ ಮರೆಯಲ್ಲಿ ಆ ಯಂತ್ರವು ಮಾಡಿದ ಕೆಲಸವನ್ನು ನಿಮ್ಮ ಅಜ್ಜ ಅಜ್ಜಿಯರ ಮುಂದೆ ಕುಳಿತು ನೀವೆಲ್ಲರೂ ಮಾಡಬಲ್ಲಿರಿ.