ಚಿನ್ನ ಹುಡುಕಿದವನಿಗೆ ಸಿಕ್ಕ ಬೆಳಕು



ಬಿತ್ತನೆಗೆ ತರುವ ಡಿ.ಎ.ಪಿ. ಚೀಲದ ಮೇಲೆ 18-46 ಎಂಬ ಅಂಕಿಗಳನ್ನು ನಾವೆಲ್ಲ ಕಂಡಿದ್ದೇವೆ. 18 ಸಾರಜನಕದ್ದು, 46 ರಂಜಕದ್ದು, ಅದರ ಆಕ್ಸೈಡಿನ ಲೆಕ್ಕದಲ್ಲಿ. ಈ ರಂಜಕವನ್ನು ಮೊದಲು ಬೇರ್ಪಡಿಸಿದವನು ಕೃಷಿ ಪಂಡಿತನಲ್ಲ, ಒಬ್ಬ ರಸವಾದಿ.

ಜರ್ಮನಿಯ ಹ್ಯಾಂಬರ್ಗ್ ಪಟ್ಟಣದಲ್ಲಿ ಹೆನ್ನಿಗ್ ಬ್ರಾಂಡ್ ಎಂಬವನಿದ್ದ. ಕೀಳು ಲೋಹವನ್ನು ಚಿನ್ನ ಮಾಡುವ ಪರುಷಮಣಿಯ ಹುಡುಕಾಟ ಅವನದು. 1669ರಲ್ಲಿ ಅವನು ಅಪಾರ ಮೂತ್ರವನ್ನು ಕುದಿಸಿ, ಉಳಿದ ಗಸಿಯನ್ನು ಬಲವಾಗಿ ಕಾಯಿಸಿದ. ಚಿನ್ನ ಬರಲಿಲ್ಲ, ಕತ್ತಲೆಯಲ್ಲಿ ತಾನೇ ಹೊಳೆಯುವ, ಮೇಣದಂಥ ವಸ್ತು ಬಂತು. ಅದೇ ರಂಜಕ.

ಬ್ರಾಂಡ್ ಈ ವಿದ್ಯೆಯನ್ನು ಮುಚ್ಚಿಟ್ಟ, ಬಳಿಕ ಹಣಕ್ಕೆ ಮಾರಿದ. 1680ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ತಾನೇ ಅದನ್ನು ತಯಾರಿಸಿ, ವಿಧಾನವನ್ನು ಬರೆದು ರಾಯಲ್ ಸೊಸೈಟಿಗೆ ಒಪ್ಪಿಸಿದ. ಮುಂದೆ ಸ್ವೀಡನ್ನಿನ ಗಾನ್ ಮತ್ತು ಶೀಲೆ ಎಲುಬಿನಲ್ಲಿಯೂ ರಂಜಕವಿದೆಯೆಂದು ತೋರಿಸಿದರು. 1842ರಲ್ಲಿ ಇಂಗ್ಲೆಂಡಿನ ಜಾನ್ ಲಾಸ್ ಸೂಪರ್ ಫಾಸ್ಫೇಟ್ ಗೊಬ್ಬರಕ್ಕೆ ಪೇಟೆಂಟ್ ಪಡೆದ. ಹೀಗೆ ರಸವಾದಿಯ ಒಲೆಯಿಂದ ಹೊರಟದ್ದು ರೈತನ ಹೊಲಕ್ಕೆ ಬಂತು.

ಇದನ್ನು ಕೇಳಿ ರಸವಾದಿಗಳೆಲ್ಲ ಮೂಢರೆಂದು ನಗಬಾರದು. ಗುರುತ್ವಾಕರ್ಷಣೆಯ ನಿಯಮ ಹೇಳಿದ ನ್ಯೂಟನ್ ಕೂಡ ರಸವಾದದ ಬಗ್ಗೆ ರಾಶಿ ರಾಶಿ ಬರೆದಿಟ್ಟಿದ್ದ. ಆ ಹಸ್ತಪ್ರತಿಗಳು 1936ರಲ್ಲಿ ಲಂಡನ್ನಿನಲ್ಲಿ ಹರಾಜಾದವು. ಬಾಯ್ಲ್ ಕೂಡ ಚಿನ್ನ ಮಾಡಬಹುದೆಂದು ನಂಬಿದ್ದವನೇ. ಭಟ್ಟಿ ಇಳಿಸುವುದು, ಕಾಯಿಸುವುದು, ಶೋಧಿಸುವುದು ಮುಂತಾದ ಕೈಕೆಲಸಗಳನ್ನು ರಸಾಯನಶಾಸ್ತ್ರವು ಬಹುಮಟ್ಟಿಗೆ ರಸವಾದದಿಂದಲೇ ಪಡೆಯಿತು.

ಹಾಗಾದರೆ ವ್ಯತ್ಯಾಸವೆಲ್ಲಿ? ರಸವಾದಿಗಳು ಒಗಟಿನ ಮಾತಿನಲ್ಲಿ ಬರೆದರು. 1661ರ ತನ್ನ ಗ್ರಂಥದಲ್ಲಿ ಬಾಯ್ಲ್ ಆ ಮಸುಕು ಮಾತನ್ನು ಖಂಡಿಸಿದ. ಮಾಡಿದ್ದನ್ನು ತಿಳಿಯಾಗಿ ಹೇಳಬೇಕು, ಇನ್ನೊಬ್ಬರು ಮಾಡಿ ನೋಡುವಂತಿರಬೇಕು ಎಂಬ ಕಟ್ಟಳೆ ಬಲಗೊಂಡಂತೆ ಗುಪ್ತವಿದ್ಯೆ ಹಿಂದೆ ಸರಿದು ವಿಜ್ಞಾನ ಬೆಳೆಯಿತು.

ಶರಣರ ದಾರಿಗೆ ಇದು ಹೊರಗಲ್ಲ. ಶೂನ್ಯಸಂಪಾದನೆಯಲ್ಲಿ ಗೋರಕ್ಷನು ತನ್ನ ವಜ್ರಕಾಯವನ್ನು ಮೆರೆಸಿದಾಗ, ಅಲ್ಲಮಪ್ರಭುಗಳು ಆ ಸಿದ್ಧಿಯ ಹಮ್ಮನ್ನು ಕಳೆದರು. ಅನುಭವ ಮಂಟಪದಲ್ಲಿ ಅನುಭಾವವು ಎಲ್ಲರೆದುರು ಚರ್ಚೆಗೆ ಬಂತು. ಅದೂ ತಿಳಿಯಾದ ಜನರ ನುಡಿಯಲ್ಲಿ. ಕಾಯಕದಿಂದ ಬಂದದ್ದು ದಾಸೋಹಕ್ಕೆ ಸಲ್ಲಬೇಕೆಂದರೆ, ಕಾಯಕದಿಂದ ಬಂದ ಅರಿವೂ ಸಲ್ಲಬೇಕಷ್ಟೆ.

ಚಿನ್ನವನ್ನು ಇಮ್ಮಡಿ ಮಾಡುತ್ತೇನೆ, ನಿಧಿ ತೋರಿಸುತ್ತೇನೆ ಎನ್ನುವವರು ಹಳ್ಳಿಗಳಿಗೆ ಇಂದಿಗೂ ಬರುತ್ತಾರೆ. ಅವರ ಮೊದಲ ಮಾತೇ ‘ಯಾರಿಗೂ ಹೇಳಬೇಡಿ’ ಎಂಬುದು. ಆ ಮಾತು ಕಿವಿಗೆ ಬಿದ್ದ ಕೂಡಲೆ ಮನೆಮಂದಿಯನ್ನೂ ನೆರೆಯವರನ್ನೂ ಕೂಗಿರಿ. ದಿಟವಾದ ವಿದ್ಯೆ ನಾಲ್ವರ ಕಣ್ಣಿಗೆ ಅಂಜುವುದಿಲ್ಲ. ಹಾಗೆಯೇ ಬೀಜ ಕಾಪಾಡುವ, ರೋಗ ತಡೆಯುವ ಒಳ್ಳೆಯ ರೀತಿ ನಮಗೆ ಗೊತ್ತಿದ್ದರೆ ಮುಚ್ಚಿಡದೆ ಹಂಚೋಣ.

ಗೋಷ್ಠಿಯಲ್ಲಿ ಚಿಂತಿಸಲು:
1. ಬ್ರಾಂಡ್ ಮತ್ತು ಬಾಯ್ಲ್, ಇವರಿಬ್ಬರ ನಡೆಯಲ್ಲಿರುವ ಭೇದವೇನು?
2. ಅರಿವು ಹೇಗೆ ದಾಸೋಹವಾಗುತ್ತದೆ?
3. ನಮ್ಮ ಊರಿನಲ್ಲಿ ಹಂಚದೆ ಅಳಿಯುತ್ತಿರುವ ವಿದ್ಯೆ ಯಾವುದು?